ಪಾದದ ಹೊರಮಗ್ಗುಲು

ರಾಯದುರ್ಗ
9-11-2003

ಮಮತಾಗೆ,

ಬಸ್ಸು ಕಲ್ಯಾಣದುರ್ಗ ದಾಟುವವರೆಗೂ ನನ್ನ ಸೆರಗಿನಲ್ಲಿ ಪಾಪುವಿನ ಹಾಲಿನ ವಾಸನೆಯಿತ್ತು. ಈಗ ಬರೀ ಜೀನ್ಸ್ ಬಟ್ಟೆಯ ವಾಸನೆ. ಮಲಗುವ ಜಾಗದಲ್ಲೇ ಹೊಲಿಯುವ ಪ್ಯಾಂಟಿನ ರಾಶಿ, ಅನ್ನದ ಮೇಲೂ ನೀಲಿ ಧೂಳು. ಈ ಧೂಳಿಗೇ ಅವಳಿಗೆ ಕೆಮ್ಮು ಹಿಡಿದದ್ದು, ಅದಕ್ಕೇ ನಿಮ್ಮಲ್ಲಿ ಬಿಟ್ಟು ಬಂದದ್ದು. ಇದನ್ನು ಅತ್ತೆಗೆ ಇನ್ನೊಮ್ಮೆ ಹೇಳು. ನಾನು ಹೊರಡುವಾಗ ಅವರು ನಿನ್ನ ಕಿವಿಯಲ್ಲಿ, "ಹೆತ್ತವ್ಳಿಗೆ ಮಗೀಗಿಂತ ಮಿಷನ್ನೇ ಹೆಚ್ಚಾಯ್ತು ಕಣೆ" ಎಂದದ್ದು ನನಗೆ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು, ಅದೂ ಗೊತ್ತು.

ಮರೆಯುತ್ತೀಯೆಂದು ಬರೆದೇ ಕಳಿಸುತ್ತಿದ್ದೇನೆ. ಎಡಗೈ ಹಿಡಿದು ಯಾರೂ ಎತ್ತಬಾರದು. ಆಪರೇಷನ್ ಆಗಿ ಐದು ತಿಂಗಳಾಯಿತು, ಇನ್ನೂ ಆ ಕೈ ಅಲ್ಲಾಡುತ್ತಿಲ್ಲ ಎಂದು ದಿನಾ ಬೆಳಿಗ್ಗೆ ಲೊಚಗುಟ್ಟುವುದೂ ಬೇಡ. ಡಾಕ್ಟರು ವರ್ಷ ಎಂದಿದ್ದಾರೆ. ನಾನು ತೋರಿಸಿದ ಹಾಗೆ ದಿನಕ್ಕೆ ಮೂರು ಸಲ ಮೊಣಕೈ ಮಡಿಸಿ ಬಿಡಿಸಬೇಕು.

ಬಲಗಾಲಿಗೆ ಯಾವಾಗಲೂ ಸಾಕ್ಸ್ ಇರಲಿ. ಮಲಗುವಾಗಲೂ. ಸಂಜೆ ದೀಪ ಹಚ್ಚಿದ ಮೇಲೆ ಆ ಪಾದವನ್ನು ತಿರುಗಿಸಿ ನೋಡು, ಬೆರಳಿನ ಸಂದಿಯೂ. ಕಾಲಿಗೆ ತಂಡಿ ತಾಗಬಾರದು, ಅಷ್ಟೇ.

ಸೂರಪ್ಪನ ತಾಯಿಯೋ ಇನ್ಯಾರೋ ಬಂದು ಕೈ ಸರಿಹೋಗಲು ಬರೆ ಹಾಕಿಸಿ ಎಂದರೆ ಒಳಗೆ ಬಿಡಬೇಡ. ಪಾಪುವಿನ ಹೆಸರು ಲಾಸ್ಯ. ಹುಟ್ಟಿದಾಗ ನೀಲಿಗಟ್ಟಿತ್ತೆಂದು ಅತ್ತೆ ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಕ್ಕ ಎಂದು ಹೆಸರಿಟ್ಟುಕೊಳ್ಳಲಿ, ಆಸ್ಪತ್ರೆ ಕಾಗದದಲ್ಲಿರುವುದು ಲಾಸ್ಯ.

ಕಾಗದವನ್ನೇ ಬರೆ. ಸೂರಪ್ಪನ ಅಂಗಡಿಯ ಫೋನಿನಲ್ಲಿ ಮಾತಾಡಿದ್ದು ಸಂಜೆಯೊಳಗೆ ಕೋಟೆ ಮೇಲಿನ ಮೇಕೆಗೂ ಗೊತ್ತಾಗಿರುತ್ತದೆ.

ಸಂಧ್ಯಾ


ರತ್ನಗಿರಿ
21-11-2003

ಅತ್ತಿಗೆ,

ನಿನ್ನ ಕಾಗದವನ್ನು ಅವ್ವನಿಗೆ ಜೋರಾಗಿ ಓದಿದೆ. ಅರ್ಧಕ್ಕೇ, "ಸಾಕು ನಿಲ್ಸೆ, ಇದೇನು ಕಾಗ್ದವೋ ಎಮ್ಮಾರ್ವೋ ಆಫೀಸಿನ ನೋಟೀಸೋ" ಎಂದಳು. ಆದರೂ ಪೂರ್ತಿ ಕೇಳಿಸಿಕೊಂಡಳು.

ನೀನು ಹೇಳಿದ್ದೆಲ್ಲ ನಡೆಯುತ್ತಿದೆ. ಮೊಣಕೈ ಮಡಿಸುವ ಕೆಲಸವನ್ನು ಅವ್ವ ನನಗೆ ಕೊಡುವುದಿಲ್ಲ, ತಾನೇ ಮಾಡುತ್ತಾಳೆ, ಹಾಡು ಬೇರೆ. ಮೂರು ಸಲ ಅಲ್ಲ, ಹತ್ತು ಸಲ. ಕೈ ಇನ್ನೂ ಸೋತ ಹಗ್ಗದ ಹಾಗೇ ಇದೆ. ಒಂದು ಕೈ ಊರಲಾಗದೆ ಅವಳು ಅಂಬೆಗಾಲಿಕ್ಕುವುದಿಲ್ಲವಲ್ಲ, ಕೂತೇ ಬಲಗಾಲಿನಿಂದ ದಬ್ಬಿಕೊಂಡು ದಬ್ಬಿಕೊಂಡು ಇಡೀ ಮನೆ ಗುಡಿಸುತ್ತಾಳೆ. ಅಪ್ಪ ಅವಳಿಗೆ ಮುನಿಸಿಪಾಲ್ಟಿ ಎಂದು ಹೆಸರಿಟ್ಟಿದ್ದಾನೆ. ಈಗ ಮೂರು ಹೆಸರಾಯಿತು.

ಒಂದೇ ಕಾಲಿಗೆ ಸಾಕ್ಸ್ ಎಂದದ್ದಕ್ಕೆ ಇಲ್ಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. "ಇನ್ನೊಂದನ್ನ ಇವ್ರವ್ವ ಪ್ಯಾಂಟಿನ ಜೊತೇಲಿ ಹೊಲ್ದು ಕಳಿಸ್ಬಿಟ್ಳೇನೋ" ಎಂದು ಅಪ್ಪ. ತಂಡಿಯಾಗುವುದಾದರೆ ಎರಡೂ ಕಾಲಿಗೆ ಆಗಬೇಕಲ್ಲ ಅತ್ತಿಗೆ? ಓದಿದವರು ನೀವು.

ಒಂದು ವಿಷಯ ಹೇಳಬೇಕು, ನಿನಗೆ ಖುಷಿಯಾಗುತ್ತದೆ. ಮೊನ್ನೆ ಅಂಗಳದಲ್ಲಿ ಅವಳ ಬಲಪಾದದ ಕಿರುಬೆರಳಿನ ಹತ್ತಿರ ಒಂದು ಕರೀ ಗೊದ್ದದ ಇರುವೆ ಕಚ್ಚಿ ಹಿಡಿದಿತ್ತು. ಕಿತ್ತರೆ ತಲೆ ಅಲ್ಲೇ ಉಳಿಯಿತು, ಅಷ್ಟು ಗಟ್ಟಿ ಹಿಡಿದಿತ್ತು. ಅವಳು ಒಂದು ಕುಂಯ್ ಎನ್ನಲಿಲ್ಲ. ರೊಟ್ಟಿ ಚೂರು ಚೀಪುತ್ತ ನಗುತ್ತಿದ್ದಳು. ಅವ್ವ ಬೀದಿಯವರನ್ನೆಲ್ಲ ಕರೆದು ತೋರಿಸಿದಳು. "ನನ್ನ ತಿಪ್ಪಿ ಗಟ್ಟಿಗಿತ್ತಿ ಕಣ್ರೇ, ತಿಪ್ಪೇಲಿ ಉರುಳ್ದೋಳು!"

ಅಣ್ಣನಿಗೆ ಹೇಳು.

ಮಮತಾ


ರಾಯದುರ್ಗ
28-11-2003

ಮಮತಾ,

ಈ ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕುವುದಿಲ್ಲ. ಹಾಕುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ, ಬರೆಯದಿದ್ದರೆ ತಲೆ ಸಿಡಿಯುತ್ತದೆ. ಪಕ್ಕದ ಮಿಷನ್ನಿನ ಕೊಟ್ರಮ್ಮ ಬೆಳಿಗ್ಗೆ ನನ್ನ ಕಣ್ಣು ನೋಡಿ, "ಯಾಕ ಸಂಧ್ಯಾ, ರಾತ್ರಿಯೆಲ್ಲ ಕಾವಲ ಕಾಯಾಕ ಹೋಗಿದ್ದೇನು?" ಎಂದಳು.

ಅವಳು ಗಟ್ಟಿಗಿತ್ತಿಯಲ್ಲ. ಗೊದ್ದ ಕಚ್ಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಮೊಣಕಾಲಿನ ಹಿಂದಿನ ಗುಳಿಯ ಹತ್ತಿರ ಹೊರಟು, ಮೀನಖಂಡದ ನಡುವೆ ಇಳಿದು, ಹೊರಗಿನ ಹರಡಿನ ಮೂಳೆಯ ಹಿಂದೆ ಸುತ್ತಿ, ಪಾದದ ಹೊರಮಗ್ಗುಲ ಉದ್ದಕ್ಕೂ ಕಿರುಬೆರಳಿನವರೆಗೆ ಹೋಗುವ ಒಂದು ನರವಿದೆ. ಸೂರಲ್ ನರ. ಬೆಂಗಳೂರಿನ ಡಾಕ್ಟರು ತಮ್ಮ ಕಾಲಿನ ಮೇಲೇ ಪೆನ್ನಿನ ತುದಿ ಎಳೆದು ತೋರಿಸಿದರು. "ಇದು ಕಾಲು ಅಲ್ಲಾಡಿಸೋ ನರ ಅಲ್ಲಮ್ಮ. ಬರೀ ಸುದ್ದಿ ತರೋ ನರ. ಬಿಸಿ, ತಣ್ಣಗೆ, ಚುಚ್ತು, ಉಜ್ತು, ಇಷ್ಟೇ ಇದರ ಕೆಲಸ. ತೆಗೆದ್ರೆ ನಡೆಯೋದಕ್ಕೆ, ಓಡೋದಕ್ಕೆ ಏನೂ ಆಗಲ್ಲ" ಎಂದರು. ಬಿ.ಎಸ್ಸಿ ಲ್ಯಾಬಿನಲ್ಲಿ ಕಪ್ಪೆಯ ತೊಡೆಯ ನರಕ್ಕೆ ತಂತಿ ಮುಟ್ಟಿಸಿದರೆ ಸತ್ತ ಕಾಲು ಒದೆಯುತ್ತಿತ್ತು. ನರವೆಂದರೆ ಒದೆಯುವುದು ಎಂದೇ ನಾನು ತಿಳಿದದ್ದು. ಯಾವುದನ್ನೂ ಒದೆಯದೆ ಸುಮ್ಮನೆ ಕೇಳಿಸಿಕೊಳ್ಳುವ ನರವೂ ಇದೆಯೆಂದು ಗೊತ್ತಾದದ್ದು, ನನ್ನ ಮಗಳ ಕಾಲಿನಿಂದ ಅದನ್ನು ತೆಗೆಯುವ ದಿನ.

ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡಾಗ ತಲೆ ಹಿಡಿದು ಎಳೆದರಲ್ಲ, ಆಗ ಕುತ್ತಿಗೆಯಿಂದ ಕೈಗೆ ಹೋಗುವ ನರಗಳು ಹರಿದವು. ಆ ಹರಿದ ತುದಿಗಳ ನಡುವೆ ಈ ಕಾಲಿನ ನರವನ್ನು ತುಂಡು ಮಾಡಿ ಇಟ್ಟು ಹೊಲಿದರು. ಹರಿದ ಪ್ಯಾಂಟಿಗೆ ಅದರದೇ ಒಳಜೇಬಿನ ಬಟ್ಟೆ ಕತ್ತರಿಸಿ ತೇಪೆ ಹಾಕುತ್ತೇವಲ್ಲ, ಹಾಗೆ. ಈಗ ಕುತ್ತಿಗೆಯ ಕಡೆಯಿಂದ ಹೊಸ ನರ ಆ ತೇಪೆಯೊಳಗೆ ತೂರಿ ದಿನಕ್ಕೆ ಒಂದು ಮಿಲಿಮೀಟರ್ ಬೆಳೆದು ಮೊಣಕೈ ಮುಟ್ಟಬೇಕು.

ಕಾಲಿನ ಹಿಂದೆ ಇರುವ ನಾಲ್ಕು ಹೊಲಿಗೆ ಗುರುತು ನಾವು ನಿಮಗೆ ಹೇಳಿದ ಹಾಗೆ ಗ್ಲೂಕೋಸಿನದಲ್ಲ.

ಆಪರೇಷನ್ನಿಗೆ ಒಪ್ಪುವಾಗ ಮಾವ ನಿನ್ನ ಅಣ್ಣನ ಕೈಯಲ್ಲಿ ರಾಗಿ ಹಿಡಿಸಿ ಮಾತು ತೆಗೆದುಕೊಂಡಿದ್ದರು. "ಕೈಗೆ ಕತ್ತಿ ಬಿದ್ರೆ ಬೀಳ್ಲಿ, ಮಗೀನ ಇನ್ನೆಲ್ಲೂ ಮುಟ್ಟುಸ್ಬೇಡಿ" ಎಂದು. ಆಸ್ಪತ್ರೆಗೆ ಹೋದ ಮೇಲೆ ಡಾಕ್ಟರು ಕಾಲು ಎಂದರು. ಅಲ್ಲಿಂದ ಎದ್ದು ಬಂದು ನಿಮ್ಮ ಜಗಲಿಯ ಮೇಲೆ ಮತ್ತೊಂದು ಪಂಚಾಯ್ತಿ ಮಾಡಿಸಬೇಕಿತ್ತೇ? ಇಬ್ಬರೂ ಸಹಿ ಹಾಕಿದೆವು. "ಕೇಳಿದ್ರೆ ಗ್ಲೂಕೋಸು ಅನ್ನು" ಎಂದ ನಿನ್ನಣ್ಣ ನಾಗಾರ್ಜುನ. ಎಷ್ಟು ಸುಲಭವಾಗಿ ಹೇಳಿದ! ಈಗ ಅವನಿಗೆ ನಿದ್ದೆ ಬರುತ್ತದೆ, ನನಗಿಲ್ಲ.

ಮಿಷನ್ನಿನ ಪೆಡಲ್ ಒತ್ತುವಾಗ ಮೋಟಾರಿನ ಗುಂಯ್ ಎಂಬ ನಡುಕ ನನ್ನ ಪಾದದ ಹೊರಮಗ್ಗುಲಿಗೆ ಬಂದು ತಾಗುತ್ತದೆ. ಒಂದೊಂದು ಪ್ಯಾಂಟಿಗೂ ತಾಗುತ್ತದೆ. ಅವಳಿಗೆ ತಾಗುವುದಿಲ್ಲ ಎಂದು ಒಂದೊಂದು ಪ್ಯಾಂಟಿಗೂ ನೆನಪಾಗುತ್ತದೆ.


ರಾಯದುರ್ಗ
29-11-2003

ಮಮತಾಗೆ,

ಗೊದ್ದದ ಕಾಗದ ತಲುಪಿತು. ಅಂಗಳದಲ್ಲಿ ಬರಿಗಾಲಲ್ಲಿ ಯಾಕೆ ಬಿಟ್ಟಿರಿ? ಸಾಕ್ಸ್ ಎಂದು ಎಷ್ಟು ಸಲ ಬರೆಯಬೇಕು? ಬೀದಿಯವರಿಗೆ ತೋರಿಸಲು ಅವಳು ಸರ್ಕಸ್ಸಿನವಳಲ್ಲ. ಇನ್ನೂ ಎರಡು ಜೊತೆ ಕಳಿಸಿದ್ದೇನೆ. ಹಾಕಿ.

ಸಂಧ್ಯಾ


ರತ್ನಗಿರಿ
14-12-2003

ಅತ್ತಿಗೆ,

ನಿನ್ನ ಸಿಟ್ಟಿನ ಸಾಕ್ಸ್ ಬಂತು. ಹಾಕುತ್ತಿದ್ದೇವೆ.

ಹೊಸ ಬೆಳೆಗೆ ರೇಷ್ಮೆ ಹುಳು ತಂದಿದ್ದೇವೆ. ಅವ್ವ ಕೋಳಿಗರಿಯಿಂದ ಮರಿಗಳನ್ನು ಸೊಪ್ಪಿಗೆ ಇಳಿಸುವುದನ್ನು ಪಾಪು ಉಸಿರು ಬಿಗಿಹಿಡಿದು ನೋಡುತ್ತಾಳೆ. ಈ ಸಲ ಚಳಿ ಬಹಳ. ಹುಳು ಮೇಯದೆ ಮುದುರಿಕೊಳ್ಳುತ್ತವೆಂದು ಹುಳುಮನೆಯಲ್ಲಿ ಇದ್ದಿಲ ಕೆಂಡ ತುಂಬಿದ ಕಬ್ಬಿಣದ ಕುಂಪಟಿ ಇಟ್ಟಿದ್ದೇವೆ. ಊರಲ್ಲೆಲ್ಲ ಬೆಚ್ಚಗಿನ ಜಾಗ ಅದೊಂದೇ. ಅದಕ್ಕೇ ಅವ್ವ ಅವಳನ್ನೂ ಅಲ್ಲೇ ಕೂರಿಸಿಕೊಳ್ಳುತ್ತಾಳೆ. ನೀನೇ ತಂಡಿ ತಾಗಬಾರದು ಎಂದಿದ್ದೆಯಲ್ಲ.

ಹುಳುಮನೆಯ ಕಟ್ಟಳೆ ನಿನಗೆ ಗೊತ್ತು. ಯಾರಾದರೂ ಸರಿ, ಬಾಗಿಲಲ್ಲಿ ಬ್ಲೀಚಿಂಗ್ ನೀರಲ್ಲಿ ಕಾಲು ತೊಳೆದು ಬರಿಗಾಲಲ್ಲೇ ಒಳಗೆ ಬರಬೇಕು. ಹೊರಗಿನ ಬಟ್ಟೆಯ ಧೂಳು ಬಂದರೆ ಹುಳುವಿಗೆ ರೋಗ. ಹಾಗಾಗಿ ಅಷ್ಟು ಹೊತ್ತು ಮಾತ್ರ ಸಾಕ್ಸ್ ಬಿಚ್ಚುತ್ತೇವೆ. ಇದಕ್ಕೂ ಬೈಯಬೇಡ.

ಸೂರಪ್ಪನ ತಾಯಿ ಬಂದಿದ್ದಳು. ಅರಿಶಿನ ಕೊಂಬು ಕಾಯಿಸಿ ಭುಜಕ್ಕೆ ಎರಡೇ ಎರಡು ಬರೆ ಹಾಕಿದರೆ ಕೈ ಎದ್ದು ಬರುತ್ತದೆ ಎಂದಳು. ಅದಕ್ಕೆ ಅವ್ವ ಏನು ಮಾಡಿದಳು ಎಂಬುದನ್ನು ನೀನು ಬಂದಾಗಲೇ ಹೇಳುತ್ತೇನೆ, ಕಾಗದದಲ್ಲಿ ಬರೆದರೆ ಮಜಾ ಹೋಗುತ್ತದೆ.

ಅಣ್ಣನಿಗೆ ಕಾಮಾಲೆಯಂತೆ. ನೆಲನೆಲ್ಲಿ ಅರೆದು ಕೊಡು.

ಮಮತಾ


ರಾಯದುರ್ಗ
19-12-2003

ಮಮತಾಗೆ,

ಕುಂಪಟಿಯ ಹತ್ತಿರ ಅವಳನ್ನು ಕೂರಿಸಬೇಡಿ. ಯಾವ ಕಾರಣಕ್ಕೂ ಕೂರಿಸಬೇಡಿ. ಹೊಗೆಗೆ ಕೆಮ್ಮು ತಿರುಗಿ ಬರುತ್ತದೆ. ಅತ್ತೆಗೆ ಇದನ್ನು ಎರಡು ಸಲ ಓದು. ನಾನೇ ಬರುತ್ತಿದ್ದೆ, ಇವರ ಕಣ್ಣು ಇನ್ನೂ ಹಳದಿ, ಬಿಟ್ಟು ಬರುವ ಹಾಗಿಲ್ಲ. ಹೊಗೆ ಅವಳಿಗೆ ಆಗುವುದಿಲ್ಲ. ತಿಳಿಯಿತೇ?

ಸಂಧ್ಯಾ


ರಾಯದುರ್ಗ
6-1-2004

ಮಮತಾ,

ಹದಿನೆಂಟು ದಿನವಾಯಿತು. ಕೈ ಮುರಿದಿದೆಯೇ? ಪೋಸ್ಟ್‌ಮನ್ ಬೀದಿಗೆ ಬಂದರೆ ಮಿಷನ್ ನಿಲ್ಲಿಸಿ ಓಡುತ್ತೇನೆ, ಇಲ್ಲಿ ಎಲ್ಲರೂ ನಗುತ್ತಾರೆ. ಎರಡು ಸಾಲು ಬರೆ.


ರತ್ನಗಿರಿ
12-1-2004

ಅತ್ತಿಗೆ,

ಎಲ್ಲ ಚೆನ್ನಾಗಿದ್ದೇವೆ. ಹುಳುವಿನ ಬೆಳೆ ಕೈಕೊಟ್ಟಿತು, ನೋಡುವವರಿರಲಿಲ್ಲ. ಅವ್ವನಿಗೆ ಅಷ್ಟು ಹುಷಾರಿಲ್ಲ.

ಪಾಪುವಿನ ಬಗ್ಗೆ ನೀನು ನಮಗೆ ಹೇಳಬೇಕಾದದ್ದು ಏನಾದರೂ ಉಳಿದಿದ್ದರೆ ಬರೆ ಎಂದು ಅವ್ವ ಹೇಳಿದಳು.

ಮಮತಾ


ರಾಯದುರ್ಗ
19-1-2004

ಮಮತಾ,

ಹೇಳಬೇಕಾದದ್ದು ನನ್ನಲ್ಲಿ ಉಳಿದಿದೆಯೋ ನಿಮ್ಮಲ್ಲೋ?

ನಿಮ್ಮೂರಿನ ವೆಂಕಟೇಶ್ ಇಲ್ಲಿ ಹೊಲಿಗೆಗೆ ಸೇರಲು ಬಂದಿದ್ದಾನೆ. ಮಗು ಹೇಗಿದೆ ಎಂದು ಕೇಳಿದೆ. ತಲೆ ಕೆರೆದುಕೊಂಡ. "ಅದೇ ಅಕ್ಕ, ಕಾಲಿಗೆ ಬಟ್ಟೆ ಸುತ್ತವ್ರೆ. ಸುಟ್ಟೈತಂತೆ. ನಿಮ್ಗೆ ಹೇಳಿಲ್ವಾ?" ಎಂದ. ನಾಲ್ಕು ಜನರ ಮುಂದೆ, ಹೆತ್ತ ತಾಯಿಗೆ, ಬೇರೆಯವರು ಹೇಳಿದರು.

ಬರೆ ಹಾಕಿದಿರಿ ಅಲ್ಲವೇ? ಸೂರಪ್ಪನ ತಾಯಿ ಬಂದಳು, ಅವ್ವ ಏನು ಮಾಡಿದಳು ಎಂಬುದನ್ನು ಬಂದಾಗ ಹೇಳುತ್ತೇನೆ, ಮಜಾ ಇದೆ ಎಂದೆಯಲ್ಲ. ಇದೇನಾ ಮಜಾ? ಕೈ ಏಳದಿದ್ದರೆ ಕಾಲಿಗೆ ಬರೆ ಹಾಕುವುದು ಯಾವ ವೈದ್ಯ? ಅವಳು ಅಳಲಿಲ್ಲ ಎಂದು ಇನ್ನೊಂದು ಎಳೆದಿರಾ? ಅದಕ್ಕೇ ತಿಂಗಳು ಪೂರ್ತಿ ಬಾಯಿ ಮುಚ್ಚಿಕೊಂಡು, "ಎಲ್ಲ ಚೆನ್ನಾಗಿದ್ದೇವೆ" ಎಂದು ಬರೆದೆಯಾ?

ಮೊದಲ ಕಾಗದದಲ್ಲೇ ಬರೆದಿದ್ದೆ. ಮನೆ ಬಿಡುವಾಗಲೂ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಹೇಳಿದ್ದೆ. ಹೇಳಿದ್ದು ಯಾರಿಗೆ? ತಿಪ್ಪೆಯಲ್ಲಿ ಉರುಳಿಸಿದರೆ ಮಗು ಬದುಕುತ್ತದೆ ಎನ್ನುವವರಿಗೆ. ಓದು ಬರಹವಿಲ್ಲದ ಕೈಗೆ ಮಗಳನ್ನು ಕೊಟ್ಟು ಬಂದ ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಇದನ್ನು ಅತ್ತೆಗೆ ಜೋರಾಗಿಯೇ ಓದು. ಒಂದಕ್ಷರವನ್ನೂ ಬಿಡಬೇಡ.

ಸಂಧ್ಯಾ


ರತ್ನಗಿರಿ
25-1-2004

ಸಂಧ್ಯಾ ಅವರಿಗೆ,

ನೀವು ಹೇಳಿದಂತೆಯೇ ಜೋರಾಗಿ ಓದಿದೆ, ಒಂದಕ್ಷರವನ್ನೂ ಬಿಡಲಿಲ್ಲ. ಓದಿ ಮುಗಿದ ಮೇಲೆ ಅವ್ವ ಮಂಕರಿ ತೆಗೆದುಕೊಂಡು ಸೊಪ್ಪಿಗೆ ಹೋದಳು. ಹುಳುವೇ ಇಲ್ಲ, ಸೊಪ್ಪು ಯಾರಿಗೆ?

ಸೂರಪ್ಪನ ತಾಯಿ ಬರೆಯ ಮಾತೆತ್ತಿದಾಗ ಅವ್ವ ಏನು ಮಾಡಿದಳು ಎಂದು ಈಗ ಹೇಳುತ್ತೇನೆ. ಒಲೆಯಿಂದ ಉರಿಯುವ ಕೊಳ್ಳಿ ತೆಗೆದು, "ಬಾ, ಮೊದ್ಲು ನಿನ್ ಭುಜಕ್ಕಿಕ್ತೀನಿ, ನಿನ್ ನಾಲಿಗೆ ನೆಟ್ಗಾದ್ರೆ ಮಗೀಗೂ ಇಕ್ಕಾನ" ಎಂದು ಅರಳಿಕಟ್ಟೆಯವರೆಗೂ ಅಟ್ಟಿಸಿಕೊಂಡು ಹೋದಳು. ಅದು ನಮಗೆ ಮಜಾ ಆಗಿತ್ತು.

ನೀವು ಹೊಗೆ ಎಂದಿರಿ. ಹೊಗೆ ಅವಳಿಗೆ ಆಗುವುದಿಲ್ಲ ಎಂದು ಎರಡು ಸಲ ಬರೆದಿರಿ. ಅವ್ವ ಅಂಗಳದಲ್ಲಿ ಕೂತು ಇದ್ದಿಲನ್ನು ಬೂದಿ ಕವಿಯುವವರೆಗೂ ಉರಿಸಿ, ಹೊಗೆಯ ಎಳೆಯೂ ಇಲ್ಲದ ಹಾಗೆ ಮಾಡಿಕೊಂಡು ಕುಂಪಟಿಯನ್ನು ಒಳಗೆ ತಂದಿಡುತ್ತಿದ್ದಳು. ಅದಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ನಿಮ್ಮ ಮಾತು ನಡೆಸಲೆಂದೇ. ಕಾಲು ಸುಟ್ಟೀತು ಎಂದು ನೀವು ಬರೆಯಲಿಲ್ಲ. ಮಕ್ಕಳಿಗೆ ಬಿಸಿ ತಾಗಿದರೆ ಅವೇ ಕಿರುಚಿ ಹಿಂದೆ ಸರಿಯುತ್ತವೆ. ಊರಿನ ಎಲ್ಲ ಮಕ್ಕಳೂ ಹುಳುಮನೆಯಲ್ಲಿ ಹಾಗೆಯೇ ಬೆಳೆದವು.

ಡಿಸೆಂಬರ್ 27. ನಾವು ಬೆನ್ನು ತಿರುಗಿಸಿ ಹುಳುವಿನ ತಟ್ಟೆ ಬದಲಿಸುತ್ತಿದ್ದೆವು. ಸುಟ್ಟ ವಾಸನೆ ಬಂತು. "ಹುಳ ಬಿತ್ತೇನೇ ಕೆಂಡಕ್ಕೆ, ನೋಡೇ" ಎಂದಳು ಅವ್ವ. ತಿರುಗಿದರೆ ಇವಳು ದಬ್ಬಿಕೊಂಡು ಬಂದು ಬಲಪಾದದ ಹೊರಮಗ್ಗುಲನ್ನು ಕುಂಪಟಿಯ ಕಬ್ಬಿಣಕ್ಕೆ ಒತ್ತಿಕೊಂಡು ಕೂತಿದ್ದಾಳೆ. ನನ್ನ ಮುಖ ನೋಡಿ ನಕ್ಕಳು.

ಆ ನಗು ನೀವು ನೋಡಬೇಕಿತ್ತು. ನಾವು ನೋಡಿದೆವು.

ಮಡಕಶಿರಕ್ಕೆ ಜೀಪಿನಲ್ಲಿ ಹೋದೆವು. ಡಾಕ್ಟರು ಗಾಯ ನೋಡಿದ್ದೇ ಅವ್ವನ ಮೇಲೆ ಎಗರಿದರು. "ಏಮಮ್ಮಾ, ವಾತ ಪೆಟ್ಟಾವಾ? ಬರೆ ಹಾಕಿ ಹಾಕಿ ಮಕ್ಕಳನ್ನ ಸಾಯಿಸ್ತೀರಾ, ಪೊಲೀಸಿಗೆ ಕೊಡ್ತೀನಿ ನಿನ್ನ" ಎಂದು, ಕ್ಯೂನಲ್ಲಿದ್ದವರೆಲ್ಲ ಕೇಳುವ ಹಾಗೆ. "ಇಲ್ಲ ಸಾಮಿ, ಇಲ್ಲ ಸಾಮಿ" ಎನ್ನುತ್ತಾ ಅವ್ವ ಸೆರಗು ಒಡ್ಡಿ ನಿಂತಳು. ಆಮೇಲೆ ಅವರೇ ಪಾದದ ಅಂಚಿಗೆ ಸೂಜಿ ತಾಗಿಸಿದರು. ಇವಳು ಅವರ ಸ್ಟೆತಸ್ಕೋಪ್ ಜಗಿಯುತ್ತಿದ್ದಳು. ಕಾಲು ತಿರುವಿ ಹಿಂದಿನ ಗುರುತು ನೋಡಿ, "ಇಲ್ಲೇನು ಮಾಡಿದಾರೆ?" ಎಂದರು. "ಗ್ಲೂಕೋಸು ಹಾಕಿದ್ದು ಸಾಮಿ" ಎಂದಳು ಅವ್ವ. "ಗ್ಲೂಕೋಸಿಗೆ ನಾಲ್ಕು ಕಡೆ ಕೊಯ್ತಾರೇನಮ್ಮ? ಈ ಕಾಲಿನ ನರ ತೆಗೆದಿದಾರೆ. ಇವರಮ್ಮ ಹೇಳಿಲ್ವಾ ನಿಂಗೆ?"

ಜೀಪಿನಲ್ಲಿ ಬರುವಾಗಲೇ ನಿಮಗೆ ಬರೆಯುತ್ತೇನೆ ಎಂದೆ. ಅವ್ವ ಬೇಡವೆಂದಳು. "ಅವ್ಳೇ ಹೇಳ್ಲಿ, ಕಾಯಿ. ತಾಯಿ ಅಲ್ವಾ, ಹೇಳ್ತಾಳೆ." ನೀವು ಹೇಳಲಿ ಎಂದೇ ಆ ಎರಡು ಸಾಲು ಬರೆಸಿದಳು. ನೀವು ಹೇಳಿದ್ದು ಇದು.

ಅವ್ವನಿಗೆ ಓದು ಬರುವುದಿಲ್ಲ ನಿಜ. ಓದಿದವರು ಬರೆದು ತಿಳಿಸಿದರೆ ತಾನೇ ಅವಳಿಗೆ ಗೊತ್ತಾಗುವುದು?

ಗಾಯ ಒಣಗುತ್ತಿದೆ.

ಮಮತಾ


ರಾಯದುರ್ಗ
1-2-2004

ಮಮತಾ,

ಏಳು ಸಲ ಬರೆದು ಹರಿದೆ. ಕೊನೆಗೆ ನವೆಂಬರಿನಲ್ಲಿ ಬರೆದು ಟ್ರಂಕಿನ ತಳದಲ್ಲಿಟ್ಟಿದ್ದ ಕಾಗದವನ್ನೇ ಇದರೊಳಗೆ ಇಟ್ಟಿದ್ದೇನೆ. ತಾರೀಖು ನೋಡು. ಕುಂಪಟಿಗಿಂತ ಒಂದು ತಿಂಗಳು ಮೊದಲಿನದು. ಅಂಚೆ ಡಬ್ಬ ನಮ್ಮ ಬೀದಿಯ ತುದಿಯಲ್ಲೇ ಇದೆ.

ನನ್ನ ಮೇಲೆ ನನಗಿರುವ ಸಿಟ್ಟಿಗೆ ಜಾಗ ಸಾಲದೆ ಎಲ್ಲರ ಮೇಲೂ ಚೆಲ್ಲಿದ್ದೇನೆ. ನಿನ್ನ ಅಣ್ಣನ ಊಟದ ತಟ್ಟೆಯನ್ನು ಬೀದಿಗೆ ಎಸೆದೆ. "ಗ್ಲೂಕೋಸು ಅನ್ನು ಎಂದದ್ದು ನೀನು" ಎಂದೆ. "ಅಂದದ್ದು ನಾನು, ಅಂದುಕೊಂಡೇ ಬಂದದ್ದು ನೀನು" ಎಂದ. ಅದೂ ನಿಜ. ಕಾಮಾಲೆ ಇಳಿದು ಮೂರು ವಾರವಾಯಿತು, ಮಮತಾ. ಬರಲು ಆಗದೆ ಕೂತಿರಲಿಲ್ಲ, ಬಂದರೆ ಅತ್ತೆಯ ಮುಖ ನೋಡಿ ಹೇಳಬೇಕಾಗುತ್ತದೆ ಎಂದು ಕೂತಿದ್ದೆ. ಸಾಕ್ಸ್ ಕಳಿಸಿದರೆ ಸಾಕು, ನಿಜ ಕಳಿಸಬೇಕಾಗಿಲ್ಲ ಎಂದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಹೊರಡುವಾಗ ಹೇಳಿದ್ದು ಒಂದೇ ಮಾತು. "ಆ ಜಾಗಕ್ಕೆ ಇನ್ನು ನೀವೇ ನರ. ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ." ನಾನು ಆ ಕೆಲಸವನ್ನು ನಿಮಗೆ ಒಪ್ಪಿಸಿ ಬಂದೆ, ಕೆಲಸ ಏನೆಂದು ಹೇಳದೆ ಬಂದೆ. ಕೇಳಿಸಿಕೊಂಡದ್ದನ್ನು ಮುಂದಕ್ಕೆ ತಲುಪಿಸದೆ ನಡುವೆ ಕತ್ತರಿಸಿ ಕೂತವಳು ನಾನು.

ಹಿಂದಿನ ಹಾಳೆಯಲ್ಲಿ ಪಾದದ ಚಿತ್ರ ಬರೆದಿದ್ದೇನೆ. ಗೀಟು ಹಾಕಿದ ಜಾಗಕ್ಕೆ ಏನೂ ತಿಳಿಯುವುದಿಲ್ಲ: ಹೊರಗಿನ ಹರಡಿನ ಕೆಳಗೆ, ಹಿಮ್ಮಡಿಯ ಹೊರಭಾಗ, ಅಲ್ಲಿಂದ ಕಿರುಬೆರಳಿನವರೆಗೆ. ಒಳಮಗ್ಗುಲಿಗೂ ಅಂಗಾಲಿಗೂ ಬೇರೆ ನರಗಳಿವೆ, ಅಲ್ಲಿ ತಿಳಿಯುತ್ತದೆ. ವರ್ಷ ಕಳೆದಂತೆ ಅಕ್ಕಪಕ್ಕದ ನರಗಳು ಸ್ವಲ್ಪ ಸ್ವಲ್ಪ ಒಳಗೆ ಚಿಗುರಿ ಆ ಜಾಗ ಕಿರಿದಾಗುತ್ತದಂತೆ. ಪೂರ್ತಿ ಹೋಗುವುದಿಲ್ಲ.

ಕೈ ಏಳುತ್ತದೋ ಇಲ್ಲವೋ ಗೊತ್ತಿಲ್ಲ. ಏಳದಿದ್ದರೆ, ಒಂದು ಕಾಲಿನ ಅಂಚನ್ನು ನಾನು ಸುಮ್ಮನೆ ಕಳೆದ ಹಾಗೆ. ಮಾವ ಮಾತು ತೆಗೆದುಕೊಂಡದ್ದೇ ಸರಿಯಿತ್ತು ಎಂದು ಇಡೀ ಊರು ಹೇಳಬಹುದು. ಹೇಳಲಿ. ಸಹಿ ಮಾತ್ರ ನಾಳೆ ಕೇಳಿದರೂ ಹಾಕುತ್ತೇನೆ. ತಪ್ಪು ಸಹಿಯದಲ್ಲ, ಬಾಯಿಯದು.

ಅತ್ತೆಯ ಬಗ್ಗೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ, ನೀನು ಓದಿಯಾಗಿದೆ. ಇದನ್ನೂ ಜೋರಾಗಿ ಓದು. ಮಾವನ ಮುಂದೆಯೂ ಓದು. ಶಿವರಾತ್ರಿಯ ಹಿಂದಿನ ದಿನ ಬರುತ್ತೇನೆ. ಬಾಗಿಲು ಹಾಕಿಕೊಂಡರೆ ಜಗಲಿಯ ಮೇಲೆ ಕೂರುತ್ತೇನೆ.

ಸಂಧ್ಯಾ


ರತ್ನಗಿರಿ
12-2-2004

ಅತ್ತಿಗೆ,

ಓದಿದೆ. ಅಪ್ಪ ಎದ್ದು ಹೊಲಕ್ಕೆ ಹೋದ. ಮೂರನೇ ದಿನ ಉಣ್ಣುವಾಗ, "ಅಷ್ಟುದ್ದ ನರ ಅಷ್ಟು ಸಣ್ಣ ಕಾಲಲ್ಲಿತ್ತಾ?" ಎಂದು ಕೇಳಿದ. ಅಷ್ಟೇ.

ನನ್ನ ಸಿಟ್ಟು ಹೋಗಿಲ್ಲ. ಹೋಗಿದೆ ಎಂದು ಬರೆದರೆ ಅದೂ ಗ್ಲೂಕೋಸೇ ಆಗುತ್ತದೆ.

ನಿನ್ನ ಚಿತ್ರವನ್ನು ಅವ್ವ ತಿರುಗಿಸಿ ತಿರುಗಿಸಿ ನೋಡಿದಳು. "ಇದ್ಯಾರ ಕಾಲೇ? ನಮ್ ತಿಪ್ಪೀದಲ್ಲ" ಎಂದಳು. ಮಧ್ಯಾಹ್ನ ಪಾಪು ಮಲಗಿದ್ದಾಗ ಮರಿಹುಳು ಇಳಿಸುವ ಕೋಳಿಗರಿ ತಂದು ಪಕ್ಕದಲ್ಲಿ ಕೂತಳು. ಒಳಮಗ್ಗುಲಿಂದ ಮೆಲ್ಲಗೆ ಸವರುತ್ತಾ ಬಂದಳು. ಗರಿ ತಾಗಿದಲ್ಲೆಲ್ಲ ನಿದ್ದೆಯಲ್ಲೇ ಬೆರಳು ಮುದುರುತ್ತಿತ್ತು. ಒಂದು ಕಡೆ ಮುದುರಲಿಲ್ಲ. ಅಲ್ಲಿ ಕಾಡಿಗೆಯಿಂದ ಒಂದು ಚುಕ್ಕೆ ಇಟ್ಟಳು. ಹಾಗೇ ಸುತ್ತಲೂ ಚುಕ್ಕೆ ಇಟ್ಟು, ರಂಗೋಲಿಯ ಹಾಗೆ ಕೂಡಿಸಿದಳು. ಹಿಮ್ಮಡಿಯ ಹತ್ತಿರ ನಿನ್ನ ಗೀಟು ತಪ್ಪು ಅತ್ತಿಗೆ, ಅಲ್ಲಿ ಎರಡು ಬೆರಳಿನಷ್ಟು ಜಾಗಕ್ಕೆ ತಿಳಿಯುತ್ತದೆ. ನಾಲ್ಕನೇ ಬೆರಳಿನ ಹೊರ ಅಂಚಿಗೆ ತಿಳಿಯುವುದಿಲ್ಲ, ಅದನ್ನು ನೀನು ಬಿಟ್ಟಿದ್ದೀಯ.

ಈಗ ದಿನಾ ನೀರು ಹಾಕಿದ ಮೇಲೆ ಹೊಸದಾಗಿ ಗೆರೆ. ಗೆರೆಯೊಳಗೆ ಏನು ತಾಗಿದರೂ ಮನೆಯಲ್ಲಿ ಯಾರಾದರೂ ಒಬ್ಬರು "ಅಯ್ಯೋ" ಎನ್ನಬೇಕು, ಅವಳ ಬದಲಿಗೆ. ಅದು ಅವ್ವನ ಕಟ್ಟಳೆ. ನಿನ್ನೆ ಬೆಕ್ಕು ತುಳಿಯಿತು, ಅಪ್ಪ ಜಗಲಿಯಿಂದ "ಅಯ್ಯೋ" ಎಂದ. ಗೆರೆ ಒಂದು ಕಡ್ಡಿಯಷ್ಟು ಒಳಗೆ ಬಂದಿದೆ ಎನ್ನುತ್ತಾಳೆ ಅವ್ವ. ನನಗೆ ಹಾಗೇನೂ ಕಾಣುವುದಿಲ್ಲ.

ಹುಳುಮನೆಯ ಬಾಗಿಲಿಗೆ ಅಡ್ಡ ಹಲಗೆ ಹೊಡೆದಿದ್ದಾಳೆ. "ಇನ್ ಮೇಲೆ ಚಳಿಯಾದ್ರೆ ಹುಳ ಸಾಯ್ಲಿ" ಎಂದಳು. ಇಪ್ಪತ್ತು ವರ್ಷದಿಂದ ಹುಳು ಸಾಕಿದವಳ ಬಾಯಲ್ಲಿ ಆ ಮಾತು.

ನೀನು ಬರುತ್ತೀಯ ಎಂದು ಓದಿದಾಗ, "ಬರ್ಲಿ. ಮೊದ್ಲು ಕಾಲು ನೀಡ್ಲಿ, ಗರಿ ಆಡಿಸ್ತೀನಿ. ಅವ್ಳಿಗಾದ್ರೂ ಎಲ್ಲೆಲ್ಲಿ ತಾಕ್ತೈತೆ ನೋಡಾನ" ಎಂದಳು. ತಮಾಷೆಗೋ ನಿಜಕ್ಕೋ ನನಗೆ ತಿಳಿಯಲಿಲ್ಲ. ನೀನು ಕಾಲು ನೀಡುವುದೇ ಒಳ್ಳೆಯದು.

ಇನ್ನೊಂದು ಮಾತಿದೆ. ನಿನಗೆ ಬರೆಯಬಾರದು, ಬಂದು ತಾನೇ ನೋಡಲಿ ಎಂದು ಅವ್ವ ನನ್ನ ಬಾಯಿಗೆ ಬೀಗ ಹಾಕಿದ್ದಾಳೆ. ಆದರೆ ಈ ಮನೆಯಲ್ಲಿ ಮುಚ್ಚಿಟ್ಟದ್ದು ಸಾಕು. ಇವತ್ತು ಬೆಳಿಗ್ಗೆ ಅವ್ವ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಗೆರೆ ಎಳೆಯುತ್ತಿದ್ದಳು. ಇವಳ ಬಲಗೈಯಲ್ಲಿ ರೊಟ್ಟಿ ಇತ್ತು, ಬಿಡುವವಳಲ್ಲ. ಗೆರೆ ಪೂರ್ತಿಯಾಗುವಷ್ಟರಲ್ಲಿ ಸಣ್ಣ ಬೆರಳುಗಳು ಬಂದು ಕಾಡಿಗೆಯನ್ನೆಲ್ಲ ಉಜ್ಜಿಬಿಟ್ಟವು. "ಏಯ್ ತಿಪ್ಪೀ, ಅಳಿಸ್ಬ್ಯಾಡ್ವೇ" ಎಂದು ಅವ್ವ ಕೈಗೆ ಒಂದು ಏಟು ಕೊಟ್ಟಳು. ಕೊಟ್ಟವಳು ಹಾಗೇ ತನ್ನ ಕೈ ನೋಡುತ್ತಾ ಕೂತಳು.

ಏಟು ಬಿದ್ದದ್ದು ಎಡಗೈಗೆ.

ಮಮತಾ